ಖಾಲಿ ಮೆಮೊರಿಯ ಲೆಕ್ಕ: ಲಿನಕ್ಸ್ ಕರ್ನಲ್‌ನ ಪಟ್ಟಿ ಓದುವುದು ಹೇಗೆ?

ಎಷ್ಟು ಮೆಮೊರಿ ಖಾಲಿ ಇದೆ ಅಂತ ಕೇಳಿದರೆ ಲಿನಕ್ಸ್ ಒಂದು ಸಂಖ್ಯೆ ಕೊಡುತ್ತದೆ. ನಮಗೆ ಅಷ್ಟು ಸಾಕು, ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸಾಲದು. ಖಾಲಿ ಜಾಗ ಒಂದೇ ಕಡೆ ಇದೆಯೋ, ಚೂರುಚೂರಾಗಿ ಚದುರಿದೆಯೋ ಅನ್ನುವುದೂ ಅದಕ್ಕೆ ಬೇಕು. ಆ ಲೆಕ್ಕವನ್ನು ನೀವೂ ನೋಡಬಹುದು.

ಮೊದಲು ಅಳತೆ ತಿಳಿದುಕೊಳ್ಳಿ. ಕರ್ನಲ್ ಮೆಮೊರಿಯನ್ನು ಪೇಜ್ ಎಂಬ ಸಮನಾದ ತುಂಡುಗಳಲ್ಲಿ ಎಣಿಸುತ್ತದೆ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದು ಪೇಜ್ ಅಂದರೆ 4 ಕೆಬಿ. 8 ಜಿಬಿ ರ‍್ಯಾಮ್‌ನಲ್ಲಿ ಸುಮಾರು 21 ಲಕ್ಷ ಪೇಜ್‌ಗಳು. 64 ಬಿಟ್ ಯಂತ್ರದಲ್ಲಿ ಪ್ರತಿ ಪೇಜಿಗೂ ಸಾಮಾನ್ಯವಾಗಿ 64 ಬೈಟ್‌ನ ದಾಖಲೆ ಇರುತ್ತದೆ. ಅದಕ್ಕೇ 128 ಎಂಬಿ ಹೋಗುತ್ತದೆ!

ಈಗ ಟರ್ಮಿನಲ್ ತೆರೆದು, ಪ್ರಾಕ್ ಫೋಲ್ಡರ್‌ನಲ್ಲಿರುವ ಬಡ್ಡಿಇನ್ಫೋ ಎಂಬ ಫೈಲನ್ನು ಕ್ಯಾಟ್ ಕಮಾಂಡ್‌ನಿಂದ ಓದಿ (cat /proc/buddyinfo). ಒಂದೊಂದು ಸಾಲು ಒಂದೊಂದು ವಲಯದ್ದು, ಅಂದರೆ ಕರ್ನಲ್ ವಿಂಗಡಿಸಿಕೊಂಡ ಮೆಮೊರಿಯ ಒಂದೊಂದು ಭಾಗದ್ದು: ಡಿಎಂಎ, ಡಿಎಂಎ32, ನಾರ್ಮಲ್. ಹೆಸರಿನ ಮುಂದೆ ಸಾಮಾನ್ಯವಾಗಿ 11 ಸಂಖ್ಯೆಗಳಿರುತ್ತವೆ. ಮೊದಲನೆಯದು ಬಿಡಿ ಪೇಜ್‌ಗಳ ಎಣಿಕೆ. ಎರಡನೆಯದು 2 ಪೇಜ್ ಕೂಡಿದ ತುಂಡುಗಳದ್ದು, ಆಮೇಲೆ 4, 8, ಹೀಗೆ ದುಪ್ಪಟ್ಟಾಗುತ್ತಾ ಕೊನೆಯದು 1024 ಪೇಜ್, ಅಂದರೆ 4 ಎಂಬಿ. ನಾಲ್ಕನೆಯ ಜಾಗದಲ್ಲಿ 10 ಇದ್ದರೆ 80 ಪೇಜ್, 320 ಕೆಬಿ ಖಾಲಿ ಇದೆ ಎಂದರ್ಥ.

ಈ ಪಟ್ಟಿ ಹೇಗೆ ಬದಲಾಗುತ್ತದೆ ಅನ್ನುವುದೇ ನಿಜವಾದ ಸೊಗಸು. 0ರಿಂದ 15ರವರೆಗಿನ 16 ಪೇಜ್‌ಗಳ ಒಂದೇ ತುಂಡು ಖಾಲಿ ಇದೆ ಅಂದುಕೊಳ್ಳಿ. ಯಾರೋ 4 ಪೇಜ್ ಕೇಳುತ್ತಾರೆ. ಕರ್ನಲ್ 16ನ್ನು ಎರಡು 8 ಮಾಡಿ, 8ರಿಂದ ಶುರುವಾಗುವ ಅರ್ಧವನ್ನು ಪಟ್ಟಿಗೆ ಸೇರಿಸುತ್ತದೆ. ಉಳಿದ 8ನ್ನು ಎರಡು 4 ಮಾಡಿ, 0ರಿಂದ 3ನ್ನು ಕೇಳಿದವರಿಗೆ ಕೊಟ್ಟು, 4ರಿಂದ 7ನ್ನು ಪಟ್ಟಿಗೆ ಹಾಕುತ್ತದೆ.

ಆ ತುಂಡು ವಾಪಸ್ ಬಂದಾಗ ಅದರ ಜೋಡಿಯನ್ನು, ಅಂದರೆ ಒಡೆದಾಗ ಬೇರೆಯಾದ ಇನ್ನೊಂದು ಅರ್ಧವನ್ನು, ಹುಡುಕಬೇಕು. ಬಡ್ಡಿಇನ್ಫೋದ 'ಬಡ್ಡಿ' (buddy) ಈ ಜೋಡಿಯೇ. ಅದಕ್ಕೆ ಪಟ್ಟಿಯನ್ನೆಲ್ಲ ಜಾಲಾಡುವುದಿಲ್ಲ. 4 ಪೇಜ್‌ನ ತುಂಡಾದರೆ, ಶುರುವಿನ ಸಂಖ್ಯೆಯಲ್ಲಿ 4ರ ಬೆಲೆಯ ಬಿಟ್ ಒಂದನ್ನು ತಿರುಗಿಸಿದರೆ ಸಾಕು: 0ಗೆ 4 ಜೋಡಿ, 8ಕ್ಕೆ 12. 4 ಮತ್ತು 8 ಅಕ್ಕಪಕ್ಕದಲ್ಲೇ ಇದ್ದರೂ ಜೋಡಿಯಲ್ಲ. ಜೋಡಿ ಖಾಲಿ ಇದ್ದರೆ ಎರಡೂ ಸೇರಿ 8 ಆಗುತ್ತವೆ, ಅದರ ಜೋಡಿಯೂ ಖಾಲಿ ಇದ್ದರೆ ಮತ್ತೆ 16. ಕೆನೆತ್ ನೋಲ್ಟನ್ 1965ರಲ್ಲೇ ಈ ಪದ್ಧತಿಯನ್ನು ವಿವರಿಸಿ ಬರೆದಿದ್ದರು. ಇಷ್ಟು ಹಳೆಯ ಉಪಾಯ ಇಂದಿನ ಸರ್ವರ್‌ಗಳಲ್ಲೂ ದುಡಿಯುತ್ತಿದೆ ಅಂದರೆ ಅದರ ಸರಳತೆಯೇ ಕಾರಣ ಅನ್ನಿಸುತ್ತದೆ.

ಮತ್ತೆ ಬಡ್ಡಿಇನ್ಫೋ ನೋಡಿ. ಎಡಗಡೆ ದೊಡ್ಡ ಸಂಖ್ಯೆಗಳು, ಬಲಗಡೆ ಬರೀ ಸೊನ್ನೆ ಇದ್ದರೆ ಮೆಮೊರಿ ಚೂರಾಗಿದೆ. ಸಾಮಾನ್ಯ ಪ್ರೋಗ್ರಾಮ್‌ಗಳಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಯಾವ ಪೇಜ್ ಎಲ್ಲಿದೆ ಎಂದು ಬರೆದಿಡುವ ಪೇಜ್ ಟೇಬಲ್ ಚದುರಿದ ಪೇಜ್‌ಗಳನ್ನೇ ಒಂದು ಸಾಲಾಗಿ ತೋರಿಸುತ್ತದೆ. ಕಷ್ಟವಾಗುವುದು 2 ಎಂಬಿಯ ಹ್ಯೂಜ್ ಪೇಜ್, ಅಂದರೆ ಒಂದೇ ಕಡೆ ಕೂಡಿದ 512 ಪೇಜ್ ಕೇಳುವವರಿಗೆ, ಡೇಟಾಬೇಸ್‌ಗಳಂಥವಕ್ಕೆ. ಅವರಿಗೆ ಬೇಕಾಗಿದ್ದು ಹತ್ತನೆಯ ಅಥವಾ ಹನ್ನೊಂದನೆಯ ಜಾಗದಲ್ಲಿ ಇರಬೇಕು. ಡೇಟಾಬೇಸ್ ನಡೆಸುವವರು ಮೊದಲು ನೋಡಬೇಕಾದ್ದು ಅದನ್ನೇ.

ಆ ಜಾಗಗಳು ಬರಿದಾಗಿದ್ದರೆ, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಪ್ರಾಕ್ ಒಳಗೆ ಸಿಸ್, ಅದರೊಳಗೆ ವಿಎಂ ಫೋಲ್ಡರ್‌ಗೆ ಹೋಗಿ, ಕಾಂಪ್ಯಾಕ್ಟ್ ಮೆಮೊರಿ (/proc/sys/vm/compact_memory) ಎಂಬ ಫೈಲಿಗೆ 1 ಬರೆಯಿರಿ. ಕರ್ನಲ್ ಬಳಕೆಯಲ್ಲಿರುವ ಪೇಜ್‌ಗಳನ್ನು ಒಂದು ಕಡೆಗೆ ಸರಿಸುತ್ತದೆ, ಬಲಗಡೆಯ ಸಂಖ್ಯೆಗಳು ಏರಬಹುದು. ಆದರೆ ಕರ್ನಲ್ ತನಗೇ ಇಟ್ಟುಕೊಂಡ ಎಷ್ಟೋ ಪೇಜ್‌ಗಳನ್ನು ಕದಲಿಸಲಾಗುವುದಿಲ್ಲ. ಸುಮ್ನೆ ಪದೇ ಪದೇ ಇದನ್ನು ಮಾಡಬೇಡಿ, ಪ್ರೊಸೆಸರ್‌ಗೆ ಕೆಲಸ ಜಾಸ್ತಿ. ಅಗತ್ಯ ಬಿದ್ದಾಗ ಇದನ್ನೇ ಮಾಡಲು ಕರ್ನಲ್‌ನಲ್ಲಿ ಕೆಕಾಂಪ್ಯಾಕ್ಟ್‌ಡಿ ಎಂಬ ಕೆಲಸಗಾರ ಇದ್ದಾನೆ.