ಗ್ರನಾದಾಕ್ಕೆ ಓದಲು ಹೋಗ್ತಿದ್ದೀರಾ? ಮೊದಲು ಊಟದ ಹೊತ್ತು ಬದಲಿಸಿಕೊಳ್ಳಿ

ಸ್ಪೇನ್ ಅಂದ ಕೂಡಲೇ ಎಲ್ಲರೂ ಮ್ಯಾಡ್ರಿಡ್, ಬಾರ್ಸಿಲೋನಾ ಅಂತಾರೆ. ಓದಲು ಹೋಗುವವರಿಗೆ ನಾನು ಹೇಳುವ ಊರು ಗ್ರನಾದಾ. ದಕ್ಷಿಣದ ಅಂದಲೂಸಿಯಾದಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯ ಶುರುವಾಗಿದ್ದು 1531ರಲ್ಲಿ. ಊರು ನಡೆದೇ ಓಡಾಡುವಷ್ಟು ಚಿಕ್ಕದು, ಬಾಡಿಗೆಯೂ ಆ ಎರಡು ಊರುಗಳಿಗಿಂತ ಕಡಿಮೆ. ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಯುರೋಪಿನ ಎಲ್ಲಾ ಕಡೆಯಿಂದ ಹುಡುಗ ಹುಡುಗಿಯರು ಬಂದು ತುಂಬಿರುತ್ತಾರೆ, ಹೊಸಬರನ್ನು ಕಂಡರೆ ಯಾರೂ ಕಣ್ಣರಳಿಸಲ್ಲ. ನಾನು ದಾವಣಗೆರೆಯವಳು. ಬೆಂಗಳೂರಿನಲ್ಲಿ ಒಂದಿಷ್ಟು ಸ್ಪ್ಯಾನಿಷ್ ಕಲಿತು ಅಲ್ಲಿಗೆ ಒಂದು ವರ್ಷದ ಓದಿಗೆ ಹೋಗಿದ್ದೆ. ಮೊಟ್ಟೆ ಕೂಡ ತಿನ್ನದ ಮನೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಊಟದ ಮಾತು ಜಾಸ್ತಿ ಬರುತ್ತೆ.

ಹೋಗಿ ಬಂದವರು ನೂರು ಸಲಹೆ ಕೊಡ್ತಾರೆ. ನನ್ನದು ಒಂದೇ: ಆ ಊರಿನ ಹೊತ್ತಿಗೆ ನಿಮ್ಮ ಹೊತ್ತನ್ನು ಹೊಂದಿಸಿಕೊಳ್ಳಿ. ಊಟ, ಕ್ಲಾಸು, ಆಫೀಸು, ಸುತ್ತಾಟ ಎಲ್ಲಾ ಆಮೇಲೆ ತಾನಾಗೇ ಸರಿಹೋಗುತ್ತೆ.

ಅಲ್ಲಿ ಮಧ್ಯಾಹ್ನ ಅಂದರೆ ಎಷ್ಟು ಗಂಟೆ?

ಸ್ಪೇನ್ ಇರುವ ಜಾಗಕ್ಕೂ ಅದರ ಗಡಿಯಾರಕ್ಕೂ ಹೊಂದಿಕೆ ಇಲ್ಲ. ಭೂಪಟ ನೋಡಿದರೆ ಅದು ಲಂಡನ್ ಸಮಯ ಪಾಲಿಸಬೇಕಾದ ದೇಶ. 1940ರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರು, ಜರ್ಮನಿಯ ಸಮಯಕ್ಕೆ. ಮತ್ತೆ ಹಿಂದಿಡಲೇ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ ಗ್ರನಾದಾದ ನೆತ್ತಿ ಮೇಲೆ ಸೂರ್ಯ ಬರೋದೇ 2 ಗಂಟೆ ದಾಟಿದ ಮೇಲೆ. ಅವರು 2.30ಕ್ಕೆ ಊಟಕ್ಕೆ ಕೂತರೆ ಅದು ಸೋಮಾರಿತನ ಅಲ್ಲ, ಸೂರ್ಯನ ಲೆಕ್ಕದಲ್ಲಿ ಅದೇ ನಡುಮಧ್ಯಾಹ್ನ.

ಇದರ ಪರಿಣಾಮ ಏನು ಅಂದರೆ, 12.30ಕ್ಕೆ ಹಸಿವಾಗಿ ಹೋಟೆಲಿಗೆ ಹೋದರೆ ಅಡುಗೆಮನೆ ಇನ್ನೂ ತೆರೆದಿರಲ್ಲ. ರಾತ್ರಿ 7.30ಕ್ಕೆ ಹೋದರೂ ಅದೇ ಕಥೆ. ಊಟ 2ರಿಂದ 3.30ರ ತನಕ, ರಾತ್ರಿ ಊಟ 9ರ ಮೇಲೆ. ಚಿಕ್ಕ ಅಂಗಡಿಗಳು 2ಕ್ಕೆ ಶಟರ್ ಎಳೆದರೆ ತೆಗೆಯೋದು ಸಂಜೆ 5ರ ಮೇಲೆ. ಭಾನುವಾರ ದಿನಸಿ ಸಿಗೋದು ಕಷ್ಟ, ಶನಿವಾರವೇ ತಂದಿಟ್ಟುಕೊಳ್ಳಿ. ಬ್ಯಾಂಕು, ಸರ್ಕಾರಿ ಆಫೀಸು ಕೆಲಸ ಬೆಳಿಗ್ಗೆಯೇ ಮುಗಿಸಬೇಕು. "ಮಧ್ಯಾಹ್ನ ಊಟ ಮಾಡಿ ಹೋಗ್ತೀನಿ" ಅಂದುಕೊಂಡರೆ ಕೆಲಸ ನಾಳೆಗೇ.

ಬೆಳಿಗ್ಗೆ 10.30, 11ರ ಹೊತ್ತಿಗೆ ಎಲ್ಲರೂ ಎದ್ದು ಕಾಫಿಗೆ ಹೋಗ್ತಾರೆ. ನೀವೂ ಹೋಗಿ. "ಮೆದಿಯಾ ತೊಸ್ತಾದಾ ಕೊನ್ ತೊಮಾತೆ" ಅಂತ ಕೇಳಿ. ಸುಟ್ಟ ಬ್ರೆಡ್ಡಿನ ಅರ್ಧ ಭಾಗ ಬರುತ್ತೆ, ಜೊತೆಗೆ ಹಸಿ ಟೊಮ್ಯಾಟೊ ತುರಿದದ್ದು, ಆಲಿವ್ ಎಣ್ಣೆ ಬಾಟಲಿ, ಉಪ್ಪು. ಮೊದಲು ಎಣ್ಣೆ ಧಾರಾಳವಾಗಿ ಸುರಿಯಬೇಕು, ಆಮೇಲೆ ಟೊಮ್ಯಾಟೊ ಹರಡಬೇಕು, ಕೊನೆಗೆ ಉಪ್ಪು. ಬ್ರೆಡ್ಡಿನ ಅಂಚು ಗರಿಗರಿ ಇರುವಾಗಲೇ, ನಡುವೆ ಎಣ್ಣೆ ಇಳಿದು ಮೆತ್ತಗಾಗುತ್ತಿರುವಾಗಲೇ ತಿನ್ನಬೇಕು. ಪಕ್ಕದ ಹಾಯೇನ್ ಜಿಲ್ಲೆ ಪೂರ್ತಿ ಆಲಿವ್ ತೋಟ, ಎಣ್ಣೆ ಅಲ್ಲಿಂದ ಬರುತ್ತೆ. ಇಷ್ಟು ತಿಂದರೆ 2.30ರವರೆಗೆ ಹೊಟ್ಟೆ ಸುಮ್ನಿರುತ್ತೆ.

ಸಸ್ಯಾಹಾರಿಗಳಿಗೆ

ಗ್ರನಾದಾದಲ್ಲಿ ಬಾರಿಗೆ ಹೋಗಿ ಒಂದು ಪಾನೀಯ ತೊಗೊಂಡರೆ ಒಂದು ಚಿಕ್ಕ ತಟ್ಟೆ ತಿಂಡಿ ಪುಕ್ಕಟೆ. ಇದೇ ತಾಪಾ. ಬಾರ್ ಅಂದ ತಕ್ಷಣ ಗಾಬರಿ ಬೇಡ, ಅಲ್ಲಿ ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಬರ್ತಾರೆ. ಕುಡಿಯದವರು "ಮೊಸ್ತೊ" ಕೇಳಿ, ಅದು ಬರೀ ದ್ರಾಕ್ಷಿ ರಸ. ಅದಕ್ಕೂ ತಾಪಾ ಬರುತ್ತೆ. ಎಷ್ಟೋ ಕಡೆ ತಾಪಾ ನೀವು ಆರಿಸೋದಲ್ಲ, ಅವರು ಕೊಟ್ಟಿದ್ದು. ಆದ್ದರಿಂದ ಪಾನೀಯ ಹೇಳುವಾಗಲೇ ಹೇಳಿಬಿಡಿ. ಸುಮ್ನೆ "ನಾನು ವೆಜಿಟೇರಿಯನ್" ಅಂದರೆ ಸಾಲದು. ಮೀನು ಅವರ ಲೆಕ್ಕದಲ್ಲಿ ಮಾಂಸ ಅಲ್ಲ, ಹಂದಿ ಮಾಂಸದ ಹಾಮೋನ್ ಎಷ್ಟೋ ಜನಕ್ಕೆ ಒಗ್ಗರಣೆ ಸಾಮಾನು. ಒಂದೊಂದನ್ನೂ ಎಣಿಸಿ ಹೇಳಿ: "ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಆತೂನ್, ಸಿನ್ ಹಾಮೋನ್." ಅಂದರೆ ಮಾಂಸ, ಮೀನು, ಟ್ಯೂನಾ ಮೀನು, ಹಾಮೋನ್ ಯಾವುದೂ ಬೇಡ. ಮೊಟ್ಟೆಯೂ ಬೇಡದಿದ್ದರೆ "ಸಿನ್ ವೆಬೊ".

ಧೈರ್ಯವಾಗಿ ತಿನ್ನಬಹುದಾದವು ಇವೆ. ಗಾಸ್ಪಾಚೊ ಅಂದರೆ ತಣ್ಣನೆ ಟೊಮ್ಯಾಟೊ ಸೂಪ್. ಅದರ ದಪ್ಪ ತಮ್ಮ ಸಾಲ್ಮೊರೆಹೊ, ಆದರೆ ಅದರ ಮೇಲೆ ಮೊಟ್ಟೆ, ಹಾಮೋನ್ ಚೂರು ಉದುರಿಸ್ತಾರೆ, ಬೇಡ ಅನ್ನಬೇಕು. ಪಾಲಕ್ ಮತ್ತು ಕಡಲೆಕಾಳಿನ ಪಲ್ಯ ಸಿಕ್ಕರೆ ಬಿಡಬೇಡಿ. ನನಗೆ ಬಲು ಇಷ್ಟವಾಗಿದ್ದು ಬದನೆಕಾಯಿ. ತೆಳ್ಳಗೆ ಹೆಚ್ಚಿ, ಹಿಟ್ಟಲ್ಲಿ ಹೊರಳಿಸಿ ಕರಿದು, ಮೇಲೆ ಕಪ್ಪು ಜೋನಿಬೆಲ್ಲ ಸುರಿದು ಕೊಡ್ತಾರೆ. ಗ್ರನಾದಾದ ಕರಾವಳಿಯಲ್ಲಿ ಹಿಂದೆ ಕಬ್ಬು ಬೆಳೆಯುತ್ತಿದ್ದರು, ಅದರ ನೆನಪು ಈ ತಟ್ಟೆಯಲ್ಲಿ ಉಳಿದಿದೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ. ಡಿಸೆಂಬರಿನಲ್ಲಿ ಅಂಗಡಿ ತುಂಬ ಪೊಲ್ವೊರೋನ್, ಮಾಂತೆಕಾದೊ ಎಂಬ ಸಿಹಿ ಬರುತ್ತೆ, ಬಾಯಲ್ಲಿಟ್ಟರೆ ಪುಡಿಯಾಗುವಂಥದ್ದು. ಮಾಮೂಲಿಯಾಗಿ ಅದನ್ನು ಮಾಡೋದು ಹಂದಿ ಕೊಬ್ಬಿನಲ್ಲಿ. ಪೊಟ್ಟಣದ ಮೇಲೆ "ಮಾಂತೆಕಾ" ಅಂತಿದ್ದರೆ ವಾಪಸ್ ಇಡಿ. ಆಲಿವ್ ಎಣ್ಣೆಯದ್ದೂ ಸಿಗುತ್ತೆ.

ಮನೆಯಲ್ಲಿ ಅಡುಗೆ ಮಾಡೋದಾದರೆ ಅಲ್ಲಿನ ಗುಂಡು ಅಕ್ಕಿ ಮುದ್ದೆಯಾಗುತ್ತೆ, ಉದ್ದನೆಯದ್ದು ತೊಗೊಳ್ಳಿ. ಮೊರೊಕ್ಕೊದವರ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು, ಜೀರಿಗೆ ಸಿಗುತ್ತೆ. ಊರಿಂದ ಹೊರಬೇಕಾದ್ದು ಇಂಗು ಮತ್ತು ಸಾರಿನ ಪುಡಿ, ಅಷ್ಟೇ.

ಮನೆ ಮತ್ತು ಚಳಿ

ಸ್ಪೇನ್ ಅಂದರೆ ಬಿಸಿಲು ಅಂತ ತೆಳ್ಳನೆ ಬಟ್ಟೆ ತುಂಬಿಕೊಂಡು ಬರುವವರೇ ಜಾಸ್ತಿ. ಗ್ರನಾದಾ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಹಿಂದೆಯೇ ಸಿಯೆರ್ರಾ ನೆವಾದಾ ಹಿಮದ ಬೆಟ್ಟ. ಜನವರಿ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಇಳಿಯುತ್ತೆ. ಹಳೇ ಮನೆಗಳನ್ನು ಬೇಸಿಗೆ ಲೆಕ್ಕದಲ್ಲಿ ಕಟ್ಟಿರುತ್ತಾರೆ, ಕಲ್ಲಿನ ನೆಲ ಬೇರೆ. ಮನೆ ನೋಡುವಾಗ ಮೊದಲ ಪ್ರಶ್ನೆ "ಕಾಲೆಫಾಕ್ಸಿಯೋನ್ ಇದೆಯಾ?" ಅಂದರೆ ಹೀಟಿಂಗ್.

ನಮ್ಮ ಮನೆಯಲ್ಲಿ ಹೀಟಿಂಗ್ ಬದಲು ಒಂದು ದುಂಡು ಮೇಜಿತ್ತು. ನೆಲದವರೆಗೆ ಇಳಿಬಿದ್ದ ದಪ್ಪ ಬಟ್ಟೆ, ಕೆಳಗೆ ಕರೆಂಟಿನ ಅಗ್ಗಿಷ್ಟಿಕೆ. ಇದಕ್ಕೆ ಮೇಸಾ ಕಾಮಿಯಾ ಅಂತಾರೆ. ಹಿಂದೆ ಅಗ್ಗಿಷ್ಟಿಕೆಯ ಜಾಗದಲ್ಲಿ ನಿಜವಾದ ಕೆಂಡ ಇರುತ್ತಿತ್ತಂತೆ. ಬಟ್ಟೆ ಎತ್ತಿ ಕಾಲು ಒಳಗಿಟ್ಟು ತೊಡೆ ಮೇಲೆ ಹೊದ್ದುಕೊಂಡು ಕೂತರೆ ಸೊಂಟದ ಕೆಳಗೆ ಬೆಚ್ಚಗೆ, ಮೂಗು ಮಾತ್ರ ತಣ್ಣಗೆ. ಪರೀಕ್ಷೆಗೆ ಓದಿದ್ದೆಲ್ಲ ಅಲ್ಲೇ. ಇಡ್ಲಿ ಹಿಟ್ಟು ಹುಳಿ ಬರಿಸೋಕೂ ಅದೇ ಜಾಗ. ಸಹವಾಸಿ ಹುಡುಗಿ ಅಲ್ಮೇರಿಯಾದವಳು, ಪಾತ್ರೆ ಉಕ್ಕಿದ್ದು ನೋಡಿ "ಇದು ಜೀವಂತ ಇದೆಯಾ?" ಅಂತ ಕೇಳಿದ್ದಳು. ರಾತ್ರಿ ಮಲಗುವಾಗ ಸ್ವಿಚ್ ಆರಿಸಿ, ಕರೆಂಟ್ ಬಿಲ್ಲು ತಮಾಷೆ ಅಲ್ಲ.

ಬಾಡಿಗೆ ಒಪ್ಪಂದ ಬರಹದಲ್ಲಿ ಇರಲಿ. "ಎಂಪಾದ್ರೊನಾಮಿಯೆಂತೊ" ಮಾಡಿಸಲು ಒಪ್ಪುತ್ತೀರಾ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ನೀವು ಈ ವಿಳಾಸದಲ್ಲಿ ಇದ್ದೀರಿ ಅಂತ ನಗರಸಭೆಯಲ್ಲಿ ದಾಖಲಿಸೋದು ಅದು. ಕೆಲವು ಓನರುಗಳು ಆಮೇಲೆ ಜಾರಿಕೊಳ್ಳುತ್ತಾರೆ, ಮುಂದಿನ ಕಾಗದಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ.

ಕಾಗದ ಪತ್ರ, ಬೇಗ ಹೇಳಿ ಮುಗಿಸುತ್ತೇನೆ

ಓದು 180 ದಿನದ ಒಳಗಾದರೆ ವೀಸಾ ಒಂದೇ ಸಾಕು. ಜಾಸ್ತಿಯಾದರೆ ಪೊಲೀಸ್ ಕ್ಲಿಯರೆನ್ಸ್, ವೈದ್ಯರ ಸರ್ಟಿಫಿಕೇಟ್ ಕೂಡ ಬೇಕು. ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸುವ ಅಪೊಸ್ಟಿಲ್ ಮುದ್ರೆ, ಸರ್ಕಾರ ಒಪ್ಪಿದ ಅನುವಾದಕರ ಸ್ಪ್ಯಾನಿಷ್ ಅನುವಾದ, ಇವೆರಡಕ್ಕೂ ಸಮಯ ಹಿಡಿಯುತ್ತೆ, ಬೇಗ ಶುರುಮಾಡಿ. ಅಲ್ಲಿಗೆ ಇಳಿದ ಒಂದು ತಿಂಗಳೊಳಗೆ ಟಿಐಇ ಎಂಬ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಅದಕ್ಕೆ "ಸೀತಾ ಪ್ರೇವಿಯಾ", ಅಂದರೆ ಮೊದಲೇ ಸಮಯ ಕಾಯ್ದಿರಿಸಬೇಕು. ಅದು ಸಿಗೋದೇ ಕಷ್ಟ, ಅಲ್ಲಿಗೆ ಹೋದ ಮೊದಲ ವಾರವೇ ಹುಡುಕಲು ಕೂರಿ. ಕಾರ್ಡ್ ಕೈಗೆ ಬರುವ ಮುಂಚೆ ರಜಕ್ಕೆ ಊರಿಗೆ ಬರಬೇಕಾದರೆ ವಾಪಸಾಗುವ ಅನುಮತಿ ಪತ್ರ ಬೇರೆ ತೊಗೊಳ್ಳಬೇಕು, ಮರೆಯಬೇಡಿ.

ಕ್ಲಾಸು, ಮಾತು

ಪ್ರೊಫೆಸರುಗಳನ್ನು ಹೆಸರು ಹಿಡಿದೇ ಕರೀತಾರೆ, ಅದೂ ಏಕವಚನದಲ್ಲಿ. ನಮಗೆ ನಾಲಿಗೆ ಹೊರಳಲ್ಲ. ಆದರೂ ಹಾಗೇ ಕರೆಯಿರಿ, ಬಹುವಚನ ಬಳಸಿದರೆ ವಯಸ್ಸಾಯ್ತಾ ನನಗೆ ಅಂತ ನಗ್ತಾರೆ. ಅಂಕ 10ಕ್ಕೆ, ಪಾಸಾಗಲು 5. ನಮ್ಮ ಶೇಕಡಾವಾರು ಲೆಕ್ಕ ಇಟ್ಟುಕೊಂಡು 7 ಬಂತು ಅಂತ ಕೊರಗಬೇಡಿ, 7 ಒಳ್ಳೆಯ ಅಂಕ.

ಉಚ್ಚಾರಣೆಯಲ್ಲಿ ನಾವು ಕನ್ನಡದವರು ಅರ್ಧ ದಾರಿ ಮುಂದಿದ್ದೇವೆ. ಹ್ರಸ್ವ ಎ, ಒ, ಹಲ್ಲಿಗೆ ತಾಗುವ ತ, ದ, ಕೊನೆಗೆ ಞ ಕೂಡ ನಮ್ಮ ಹತ್ತಿರ ಇದೆ. ನೋಟ್‌ಬುಕ್ಕಿನಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಕಷ್ಟ ಬರೋದು ಕೇಳಿಸಿಕೊಳ್ಳುವಾಗ. ಅಂದಲೂಸಿಯಾದವರು ಪದದ ಕೊನೆಯ 'ಸ್' ನುಂಗಿಬಿಡ್ತಾರೆ. "ಮಾಸ್ ಓ ಮೇನೊಸ್" ಅನ್ನೋದು "ಮಾ ಓ ಮೇನೊ" ಆಗುತ್ತೆ. ಕ್ಯಾಸೆಟ್ಟಿನ ಸ್ಪ್ಯಾನಿಷ್ ಮರೆತು ಸಂತೆಯಲ್ಲಿ ನಿಲ್ಲಿ.

ಸಂತೆ ಅಂದೆನಲ್ಲ, ತರಕಾರಿ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಸಾಲು ಕಾಣಲ್ಲ, ಜನ ಚದುರಿ ನಿಂತಿರ್ತಾರೆ. ಒಳಗೆ ಹೋದ ತಕ್ಷಣ "ಕಿಯೆನ್ ಎಸ್ ಎಲ್ ಊಲ್ತಿಮೊ?" ಅಂತ ಕೇಳಬೇಕು, ಕೊನೆಯವರು ಯಾರು ಅಂತ. ಯಾರೋ ಕೈ ಎತ್ತುತ್ತಾರೆ. ಅವರ ನಂತರ ನೀವು. ಕೇಳದೆ ನುಗ್ಗಿದರೆ ಬೈಗುಳ ಗ್ಯಾರಂಟಿ. ಗ್ರನಾದಾದ ಜನ ಒರಟು ಮಾತಿಗೆ ಇಡೀ ಸ್ಪೇನಿನಲ್ಲೇ ಹೆಸರುವಾಸಿ, ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ತಾರೆ. ಬೇಜಾರು ಮಾಡ್ಕೊಬೇಡಿ.

ನೋಡುವ ಜಾಗ: ಕಡಿಮೆ ನೋಡಿ, ಮತ್ತೆ ಮತ್ತೆ ನೋಡಿ

ಅಲಾಂಬ್ರಾ ಅಂದರೆ ಗುಡ್ಡದ ಮೇಲಿರುವ ಹಳೇ ಸುಲ್ತಾನರ ಕೋಟೆ, ಅರಮನೆ. ಅದರ ಟಿಕೆಟ್ ಅಧಿಕೃತ ವೆಬ್‌ಸೈಟಿನಲ್ಲಿ ವಾರಗಟ್ಟಲೆ ಮುಂಚೆ ತೊಗೊಳ್ಳಿ. ಟಿಕೆಟ್ಟಿನ ಮೇಲೆ ನಿಮ್ಮ ಹೆಸರಿರುತ್ತೆ, ಪಾಸ್‌ಪೋರ್ಟ್ ತೋರಿಸಬೇಕು. ಒಳಗಿರುವ ನಸ್ರಿದ್ ವಂಶದ ಸುಲ್ತಾನರ ಅರಮನೆಗಳಿಗೆ ಮಾತ್ರ ಗೊತ್ತಾದ ಸಮಯ ಇರುತ್ತೆ, ಅದು ತಪ್ಪಿದರೆ ಒಳಗೆ ಬಿಡಲ್ಲ. ಮುಖ್ಯ ಗೇಟಿನಿಂದ ಅಲ್ಲಿಗೆ ನಡೆಯೋಕೇ ಹೊತ್ತು ಬೇಕು. ಬೆಳಗಿನ ಮೊದಲ ಸಮಯ ಸಿಕ್ಕರೆ ಕಣ್ಣು ಮುಚ್ಚಿ ತೊಗೊಳ್ಳಿ.

ಆ ಅರಮನೆಗಳ ಸಿಂಹಗಳ ಅಂಗಳಕ್ಕೆ ಹೋದಾಗ ಎಲ್ಲರೂ 12 ಅಮೃತಶಿಲೆ ಸಿಂಹಗಳ ಫೋಟೊ ಹಿಡಿದು ಹೊರಡ್ತಾರೆ. ನೀವು ನಿಂತು ನೀರು ನೋಡಿ. ನೆಲದಲ್ಲಿ ಅಂಗೈ ಅಗಲದ ಕಾಲುವೆಗಳು ಕೋಣೆಗಳ ಒಳಗಿಂದ ಹೊರಟು ಕಾರಂಜಿಯ ಕಡೆ ಬರುತ್ತವೆ. ಈ ನೀರನ್ನು ದಾರ್ರೊ ನದಿಯ ಮೇಲ್ಭಾಗದಿಂದ ಸುಮಾರು 6 ಕಿಲೋಮೀಟರ್ ಕಾಲುವೆ ತೋಡಿ ಗುಡ್ಡದ ಮೇಲಕ್ಕೆ ತಂದಿದ್ದರು. ಈ ಅಂಗಳ ಸುಲ್ತಾನ ಐದನೇ ಮುಹಮ್ಮದನ ಕಾಲದ್ದು, 14ನೇ ಶತಮಾನ. ಆಗಲೇ ಇತ್ತ ಹಂಪಿಯಲ್ಲಿ ಬುಕ್ಕರಾಯ, ಇಮ್ಮಡಿ ಹರಿಹರ ಆಳುತ್ತಿದ್ದರು. ಎರಡೂ ಕಡೆ ರಾಜರು ನೀರಿಗಾಗಿ ಕಲ್ಲು ಕಡಿಸುತ್ತಿದ್ದ ಕಾಲ. 1492ರ ಜನವರಿ 2ರಂದು ಕೊನೆಯ ಸುಲ್ತಾನ ಕೋಟೆಯನ್ನು ರಾಣಿ ಇಸಾಬೆಲ್, ರಾಜ ಫೆರ್ನಾಂದೊ ದಂಪತಿಗೆ ಒಪ್ಪಿಸಿದ. ಅವರಿಬ್ಬರ ಸಮಾಧಿ ಊರೊಳಗಿನ ಕಾಪಿಯಾ ರೆಯಾಲ್ ಎಂಬ ರಾಜರ ಚಾಪೆಲ್‌ನಲ್ಲಿದೆ. ಮೇಲೆ ಕೆತ್ತನೆಯ ಅಮೃತಶಿಲೆ, ಮೆಟ್ಟಿಲಿಳಿದು ನೋಡಿದರೆ ಸಾದಾ ಸೀಸದ ಪೆಟ್ಟಿಗೆಗಳು.

ಟಿಕೆಟ್ ಸಿಗಲಿಲ್ಲವಾ? ಆದರೂ ಮೇಲೆ ಹೋಗಿ. ನ್ಯಾಯದ ಬಾಗಿಲು, ಐದನೇ ಕಾರ್ಲೊಸ್‌ನ ಅರಮನೆಯ ದುಂಡು ಅಂಗಳ ಉಚಿತ. ಊರೊಳಗಿನ ಪ್ಲಾಸಾ ನುಯೇವಾ ಚೌಕದಿಂದ ದಾಳಿಂಬೆ ಕೆತ್ತಿದ ಬಾಗಿಲು ದಾಟಿ ಮರಗಳ ನಡುವೆ ಏರು ದಾರಿ.

ಎದುರಿನ ಗುಡ್ಡ ಅಲ್ಬೈಸಿನ್. ಸಂಜೆ ಸಾನ್ ನಿಕೊಲಾಸ್ ಕಟ್ಟೆಯ ಮೇಲೆ ಕಾಲಿಡಲು ಜಾಗ ಇರಲ್ಲ. ಪಕ್ಕದಲ್ಲೇ 2003ರಲ್ಲಿ ತೆರೆದ ಮಸೀದಿ ಇದೆ, ಅದರ ತೋಟದಿಂದ ಅಲಾಂಬ್ರಾದ ಅದೇ ನೋಟ ಕಾಣುತ್ತೆ, ಗದ್ದಲ ಇಲ್ಲ. ತೆರೆದಿರುವ ಹೊತ್ತು ನೋಡಿಕೊಂಡು ಹೋಗಿ. ಅಲ್ಲಿನ ಓಣಿಗಳಿಗೆ ಹೊಳೆಗಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ಮೇ 3ಕ್ಕೆ ಊರಲ್ಲೇ ಇರಿ. ಓಣಿ ಓಣಿಯಲ್ಲಿ ಹೂವಿನ ಶಿಲುಬೆ ನಿಲ್ಲಿಸಿ, ಸುತ್ತ ತಾಮ್ರದ ಪಾತ್ರೆ, ಶಾಲು ಇಟ್ಟು ಅಲಂಕಾರ ಮಾಡ್ತಾರೆ. ಮೂಲೆಯಲ್ಲಿ ಒಂದು ಸೇಬು, ಅದಕ್ಕೆ ಚುಚ್ಚಿದ ಕತ್ತರಿ. ಯಾರೂ ಹುಳುಕು ತೆಗೆಯಬಾರದು ಅಂತ. ನಾವು ಹೊಸ ಮನೆಗೆ ದೃಷ್ಟಿಗೊಂಬೆ ಕಟ್ಟಿದ ಹಾಗೆ.

ಬೇರೆ ಊರಿಗೆ ಬಸ್ಸೇ ಸಾಕು. ಕೋರ್ದೊಬಾ, ಸೆವಿಯಾ ಎರಡೂ ಸುಮಾರು ಮೂರು ಗಂಟೆ ದಾರಿ. ಕೋರ್ದೊಬಾದ ಮೆಸ್ಕೀತಾ, 850ಕ್ಕೂ ಹೆಚ್ಚು ಕಂಬಗಳ ಹಳೇ ಮಸೀದಿ, ಭಾನುವಾರ ಬಿಟ್ಟು ಬೆಳಿಗ್ಗೆ 8.30ರಿಂದ 9.30ರವರೆಗೆ ಉಚಿತ. ಹೊರಡುವ ಮುಂಚೆ ಸಮಯ ಒಮ್ಮೆ ಖಚಿತ ಮಾಡಿಕೊಳ್ಳಿ. ಗ್ರನಾದಾದಿಂದ ಅಷ್ಟು ಬೇಗ ತಲುಪಲು ಆಗಲ್ಲ, ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಉಳಿಯಿರಿ. ಸೆವಿಯಾದ ಹಿರಾಲ್ದಾ ಗೋಪುರಕ್ಕೆ ಮಂಡಿ ನೋವಿನ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು, ಹೆಚ್ಚೂಕಡಿಮೆ ತುದಿಯವರೆಗೆ ಮೆಟ್ಟಿಲಿಲ್ಲ, ಇಳಿಜಾರು ದಾರಿ. ಈಸ್ಟರ್ ಮುಂಚಿನ ಪವಿತ್ರ ವಾರದಲ್ಲಿ ಮಾತ್ರ ಅವರನ್ನು ಕರೆಸಬೇಡಿ. ಮೆರವಣಿಗೆಗೆ ರಸ್ತೆ ಮುಚ್ಚುತ್ತಾರೆ, ಬಸ್ಸು ದಾರಿ ಬದಲಿಸುತ್ತವೆ, ರೂಮಿನ ಬೆಲೆ ಏರುತ್ತೆ.

ಊರಿಗೆ ಹೊರಡುವ ಕೊನೇ ತಿಂಗಳು ಎರಡು ಕೆಲಸ ಇಟ್ಟುಕೊಳ್ಳಿ. ಅಂಕಪಟ್ಟಿಯ ಅಧಿಕೃತ ಪ್ರತಿ ತೊಗೊಂಡು ಅಲ್ಲೇ ಅಪೊಸ್ಟಿಲ್ ಮಾಡಿಸಿ, ದಾವಣಗೆರೆಯಿಂದ ಕೂತು ಮಾಡಿಸೋದು ತಲೆನೋವು. ಇನ್ನೊಂದು, ಮನೆಯ ಅಡ್ವಾನ್ಸ್. ಬಂದ ದಿನವೇ ಗೋಡೆ, ಹಾಸಿಗೆ, ಒಲೆ ಎಲ್ಲದರ ಫೋಟೊ ತೆಗೆದಿಟ್ಟಿದ್ದರೆ ಅದು ಈಗ ಕೆಲಸಕ್ಕೆ ಬರುತ್ತೆ. ಜುಲೈ ಮುಗಿಯೋದರೊಳಗೆ ಕೇಳಿಬಿಡಿ, ಆಗಸ್ಟಿನಲ್ಲಿ ಓನರ್ ಸಮುದ್ರದ ದಂಡೆಗೆ ಹೋಗಿರ್ತಾರೆ, ಫೋನ್ ಎತ್ತಲ್ಲ.