ಕಾರಿನ ಕರೆಂಟು, ಯುಪಿಎಸ್ ಬ್ಯಾಟರಿ: ನಮ್ಮ ಮನೆಯ ಜೋಡಣೆ

ಏಪ್ರಿಲ್-ಮೇ ಮಳೆಗೆ ಮೈಸೂರಿನಲ್ಲಿ ಕೊಂಬೆ ಮುರಿದು ತಂತಿ ಮೇಲೆ ಬಿತ್ತೆಂದರೆ ಕರೆಂಟು ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಮನೆಯಲ್ಲಿರುವುದು 24 ವೋಲ್ಟಿನ ಯುಪಿಎಸ್, 150 ಎಎಚ್‌ನ (ಆಂಪಿಯರ್-ಅವರ್) ಎರಡು ಟ್ಯೂಬುಲರ್ ಬ್ಯಾಟರಿ, ಸೀರೀಸ್‌ನಲ್ಲಿ. 300 ವ್ಯಾಟ್ ಲೋಡನ್ನು ಏಳೆಂಟು ಗಂಟೆ ಎಳೆಯುತ್ತವೆ. ಆಮೇಲೆ ವಿ-ಟು-ಎಲ್ ಇರುವ ಕಾರು, ಅಂದರೆ ಅಡಾಪ್ಟರ್ ಹಾಕಿದರೆ ತನ್ನ ಬ್ಯಾಟರಿಯಿಂದ ಮನೆಯ ಸಾಮಾನಿಗೆ ಕರೆಂಟು ಕೊಡಬಲ್ಲ ಎಲೆಕ್ಟ್ರಿಕ್ ಕಾರು.

ಯುಪಿಎಸ್‌ನ ಪ್ಲಗ್ ಕಿತ್ತು ಕಾರಿನ ಅಡಾಪ್ಟರಿಗೆ ಚುಚ್ಚಿದರಾಯಿತು ಎಂದು ಅನ್ನಿಸುವುದು ಸಹಜ. ಆದರೆ ನಮ್ಮ ಕಡೆ ಬಹುತೇಕ ಮನೆಗಳಲ್ಲಿ ಯುಪಿಎಸ್‌ನಿಂದ ಫೇಸ್ ಮಾತ್ರ ಎಳೆದು, ನ್ಯೂಟ್ರಲ್ ಮನೆಯದ್ದನ್ನೇ ಬಳಸಿರುತ್ತಾರೆ. ಆ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಸೇರಿದೆ. ಹಲವು ಕಾರುಗಳ ಔಟ್‌ಪುಟ್‌ಗೆ ಭೂಮಿಯ ನಂಟೇ ಇಲ್ಲ. ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಮಂದವಾಗಿ ಹೊತ್ತುತ್ತದೆ. ಇವೆರಡನ್ನು ಬೆರೆಸಿದರೆ ಕಾರು ಟ್ರಿಪ್ ಆಗುತ್ತದೆ, ಇಲ್ಲವೇ ಲೈಟೇ ಹತ್ತುವುದಿಲ್ಲ. ಇನ್ನು ಗೋಡೆಯ ಸಾಕೆಟ್ಟಿಗೆ ಹಿಂದಿನಿಂದ ಕರೆಂಟು ಕೊಡುವುದಂತೂ ಕೂಡದು. ಅದು ಟ್ರಾನ್ಸ್‌ಫಾರ್ಮರಿನಲ್ಲಿ 11 ಕೆವಿ ಆಗಿ ಕಂಬದ ಮೇಲಿರುವ ಲೈನ್‌ಮನ್‌ನನ್ನು ಮುಟ್ಟುತ್ತದೆ.

ಅದಕ್ಕೇ ಕಾರಿನಿಂದ ಮನೆಗೆ ಕರೆಂಟು ಕೊಡದೆ ಬ್ಯಾಟರಿಗೆ ಮಾತ್ರ ಕೊಟ್ಟಿದ್ದೇನೆ. ಯುಪಿಎಸ್ ತನ್ನ ಪಾಡಿಗೆ ಬ್ಯಾಕಪ್‌ನಲ್ಲೇ ಇರುತ್ತದೆ. ಮಧ್ಯೆ ವೋಲ್ಟೇಜ್, ಕರೆಂಟ್ ಎರಡನ್ನೂ ತಿರುಗಿಸಿ ಹೊಂದಿಸಬಹುದಾದ ಐಸೊಲೇಟೆಡ್ (ಕಾರಿನ ಕಡೆಗೂ ಬ್ಯಾಟರಿ ಕಡೆಗೂ ನೇರ ತಂತಿ ನಂಟಿಲ್ಲದ) ಚಾರ್ಜರ್: 27.2 ವೋಲ್ಟ್, 15 ಆಂಪಿಯರ್. 150 ಎಎಚ್‌ಗೆ ಹತ್ತನೇ ಒಂದು ಭಾಗ, ಹಾಗಾಗಿ ಫ್ಯಾನೆಲ್ಲ ಆಫಾಗಿ ಪೂರ್ತಿ ಕರೆಂಟು ಬ್ಯಾಟರಿಗೇ ಹೋದರೂ ಅದು ಬಿಸಿಯಾಗುವುದಿಲ್ಲ. 300 ವ್ಯಾಟ್ ಲೋಡಿಗೆ ಯುಪಿಎಸ್ ಬ್ಯಾಟರಿ ಕಡೆಯಿಂದ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ; ಬ್ಯಾಟರಿ ಇದ್ದಲ್ಲೇ ನಿಲ್ಲುತ್ತದೆ. ಒಂದೇ ಬ್ಯಾಟರಿಯ 12 ವೋಲ್ಟ್ ಮನೆಗೆ ಈ ಲೆಕ್ಕ ಕೂಡಿಬರುವುದಿಲ್ಲ: ಇದೇ ಲೋಡಿಗೆ 30 ಆಂಪಿಯರ್ ಬೇಕು, ರಾತ್ರಿ ಲೋಡ್ ಇಳಿದಾಗ ಅದು ಬ್ಯಾಟರಿಗೆ ಅತಿಯಾಗುತ್ತದೆ.

ಡಿಸಿ ಕಡೆಗೆ 6 ಸ್ಕ್ವೇರ್ ಎಂಎಂ ತಾಮ್ರದ ವೈರ್, ಎರಡು ಮೀಟರ್ ಮೀರದಂತೆ. ಪಾಸಿಟಿವ್ ಟರ್ಮಿನಲ್ಲಿನ ಪಕ್ಕದಲ್ಲೇ 25 ಆಂಪಿಯರ್ ಫ್ಯೂಸ್. ವೈರಿನಲ್ಲೇ ಸುಮಾರು 0.2 ವೋಲ್ಟ್ ಕಳೆಯುವುದರಿಂದ ಮೀಟರನ್ನು ಬ್ಯಾಟರಿ ಟರ್ಮಿನಲ್ಲಿಗೆ ಹಿಡಿದು ನೋಡಿ. ಕ್ಲಿಪ್ ಬೇಡ, ವೈರಿನ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿಸಿ ಕ್ರಿಂಪ್ ಮಾಡಿಸಿ ಬೋಲ್ಟ್ ಬಿಗಿ ಮಾಡಿ; ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕ್ಲಿಪ್ ಜಾರಿದರೆ ಕಿಡಿ. ಕಾರಿನ ಕಡೆಗೆ 2.5 ಸ್ಕ್ವೇರ್ ಎಂಎಂನ ಮೂರು ಕೋರ್ ಎಕ್ಸ್‌ಟೆನ್ಷನ್. ಸುರುಳಿ ಪೂರ್ತಿ ಬಿಚ್ಚಿ.

ಕಾರಿನಿಂದ ಹೋಗುವುದು 465 ವ್ಯಾಟ್ ಒಳಗೇ. ಅಡಾಪ್ಟರ್ 3.3 ಕೆವಿಎ ಕೊಡಬಲ್ಲದು, ಆದರೂ ಬೋರ್‌ವೆಲ್ ಮೋಟಾರ್ ಆಸೆ ಬಿಡಿ. ಒಂದು ಎಚ್‌ಪಿಯದ್ದೂ ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಎಳೆಯುತ್ತದೆ. 40 ಯೂನಿಟ್ ಬ್ಯಾಟರಿಯ ಕಾರಿನಲ್ಲಿ ಹತ್ತು ಪರ್ಸೆಂಟ್ ಅಂದರೆ 4 ಯೂನಿಟ್. ಕಾರು ತನಗಾಗಿ ತಿನ್ನುವುದೂ ಸೇರಿ ಆರೇಳು ಗಂಟೆ ಬರುತ್ತದೆ.

ಕರೆಂಟು ಬಂದ ಕೂಡಲೇ ಎಕ್ಸ್‌ಟೆನ್ಷನ್‌ನಲ್ಲಿ ಚಾರ್ಜರ್ ಆಫ್ ಮಾಡಬೇಕು. ಇಲ್ಲದಿದ್ದರೆ ಯುಪಿಎಸ್‌ನ ಚಾರ್ಜಿಂಗೂ ಸೇರಿ ಬ್ಯಾಟರಿಗೆ ಎರಡರಷ್ಟು ಕರೆಂಟು ಹೋಗಿ ನೀರು ಬೇಗ ಇಳಿಯುತ್ತದೆ.