ವಾರಂಟಿಯೊಳಗಿನ ಬ್ಯಾಟರಿಗಳಿಗೆ ನಾನು ಸರ್ವೀಸ್ ಯೋಜಿಸುವ ಬಗೆ

ತೀರ್ಥಹಳ್ಳಿ ಸೀಮೆಯಲ್ಲಿ ಇನ್‌ವರ್ಟರ್ ಮತ್ತು ಬ್ಯಾಟರಿ ಮಾರುವವನಿಗೆ ಜೂನ್ ತಿಂಗಳೆಂದರೆ ದೂರುಗಳ ಕಾಲ. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ, ತೋಟದ ನಡುವಿನ ಒಂಟಿ ಮನೆಗಳಿಗೆ ಮತ್ತೆ ಕರೆಂಟ್ ಬರುವುದಕ್ಕೆ ದಿನಗಳೇ ಹಿಡಿಯುವುದುಂಟು. ಬೇಸಿಗೆಯಲ್ಲಿ ಅರ್ಧ ಗಂಟೆಯ ಕಡಿತವನ್ನು ಹೇಗೋ ನಿಭಾಯಿಸುತ್ತಿದ್ದ ದುರ್ಬಲ ಬ್ಯಾಟರಿಯ ಬಂಡವಾಳ ಆಗ ಬಯಲಾಗುತ್ತದೆ. ಆ ಹೊತ್ತಿಗೆ ಎಲ್ಲ ದಿಕ್ಕಿನಿಂದಲೂ ಒಟ್ಟಿಗೆ ಫೋನ್ ಬರುವುದರಿಂದ, ದೂರು ಬಂದ ಮೇಲೆ ಹೋಗಿ ನೋಡುವ ಪದ್ಧತಿಯನ್ನು ಬಿಟ್ಟು, ವಾರಂಟಿಯ ತಾರೀಕುಗಳನ್ನೇ ಹಿಡಿದು ವರ್ಷದ ಕೆಲಸವನ್ನು ಹಂಚಿಕೊಳ್ಳುತ್ತಾ ಬಂದಿದ್ದೇನೆ.

ಇದಕ್ಕೆ ಮೂಲ ಒಂದು ರಿಜಿಸ್ಟರ್. ಗ್ರಾಹಕರ ಹೆಸರು, ಸೀರಿಯಲ್ ನಂಬರ್ ಮತ್ತು ಬಿಲ್ ತಾರೀಕನ್ನು ಎಲ್ಲರೂ ಬರೆದಿಡುತ್ತಾರೆ. ನಾನು ಅದರ ಪಕ್ಕದಲ್ಲಿ ಉಚಿತ ಬದಲಾವಣೆಯ ಅವಧಿ ಮುಗಿಯುವ ತಿಂಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಎರಡು ತುಂಡಾಗಿರುತ್ತದೆ. ಉದಾಹರಣೆಗೆ ಒಟ್ಟು 60 ತಿಂಗಳ ವಾರಂಟಿಯಲ್ಲಿ ಮೊದಲ 36 ತಿಂಗಳು ಉಚಿತ ಬದಲಾವಣೆ, ಉಳಿದ 24 ತಿಂಗಳು ಪ್ರೊ ರೇಟಾ ಎಂದಿದ್ದರೆ, 35ನೇ ತಿಂಗಳಲ್ಲಿ ದೋಷ ಪತ್ತೆಯಾದವರಿಗೆ ಬದಲಿ ಬ್ಯಾಟರಿ ಉಚಿತವಾಗಿ ಸಿಗುತ್ತದೆ. 37ನೇ ತಿಂಗಳಲ್ಲಿ ಪತ್ತೆಯಾದವರಿಗೆ ಸಿಗುವುದು ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ. ಆದ್ದರಿಂದ 33ನೇ ತಿಂಗಳಿಗೆ ಒಂದು ಕಡ್ಡಾಯ ತಪಾಸಣೆ ಇಟ್ಟುಕೊಂಡಿದ್ದೇನೆ. ಆ ತಿಂಗಳು ಮಳೆಗಾಲದಲ್ಲಿ ಬಿದ್ದರೆ, ಅದನ್ನು ಹಿಂದಿನ ಏಪ್ರಿಲ್‌ಗೇ ತರುತ್ತೇನೆ. ಕಾಲುಸಂಕ ದಾಟಿ ಹೋಗಬೇಕಾದ ಮನೆಗೆ ಜುಲೈನಲ್ಲಿ ಐವತ್ತು ಕಿಲೋ ಮೀರಿದ ಬ್ಯಾಟರಿಯನ್ನು ಹೊತ್ತೊಯ್ಯುವುದು ಎಂಥ ಕೆಲಸವೆಂದು ಈ ಕಡೆಯವರಿಗೆ ವಿವರಿಸಬೇಕಿಲ್ಲ.

ತಪಾಸಣೆಯೆಂದರೆ ಬ್ಯಾಕಪ್ ಎಷ್ಟು ಬರುತ್ತಿದೆ ಎಂದು ಮನೆಯವರನ್ನು ಕೇಳಿ ಬರುವುದಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ ಆರೂ ಸೆಲ್‌ಗಳ ಮುಚ್ಚಳ ತೆಗೆದು, ಒಂದೊಂದರಿಂದಲೂ ಹೈಡ್ರೋಮೀಟರ್‌ಗೆ ದ್ರವ ಎಳೆದು ಗ್ರ್ಯಾವಿಟಿ, ಅಂದರೆ ನೀರಿಗೆ ಹೋಲಿಸಿದರೆ ಆ ಆಸಿಡ್ ದ್ರವ ಎಷ್ಟು ಸಾಂದ್ರವಾಗಿದೆ ಎಂಬುದನ್ನು ಬರೆದುಕೊಳ್ಳುತ್ತೇನೆ. ಇನ್‌ವರ್ಟರ್‌ಗೆ ಸಾಮಾನ್ಯವಾಗಿ ಬಳಸುವ, ಕೊಳವೆಯಾಕಾರದ ಪ್ಲೇಟುಗಳಿರುವ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಅದು 1.240ರ ಆಸುಪಾಸಿನಲ್ಲಿರಬೇಕು. ಐದು ಸೆಲ್‌ಗಳು 1.230 ತೋರಿಸಿ ಒಂದು ಮಾತ್ರ 1.150ರಲ್ಲಿ ನಿಂತಿದ್ದರೆ, ಮಲ್ಟಿಮೀಟರ್ ಎಷ್ಟೇ ಚೆನ್ನಾದ ವೋಲ್ಟೇಜ್ ತೋರಿಸಲಿ, ಆ ಸೆಲ್ ಸಾಯುತ್ತಿದೆ ಎಂದೇ ಅರ್ಥ. ಅದು ಕಂಪನಿ ಒಪ್ಪಬಹುದಾದ ದೋಷ. ಆರೂ ಸಮವಾಗಿ ಇಳಿದಿದ್ದರೆ ಮೊದಲ ಅನುಮಾನ ಚಾರ್ಜಿಂಗ್ ಮೇಲೆ ಹೋಗಬೇಕು. ನೀರು ಹಾಕಿದ ಕೂಡಲೇ ಗ್ರ್ಯಾವಿಟಿ ನೋಡಬಾರದು, ಏಕೆಂದರೆ ಹೊಸ ನೀರು ಮೇಲೆಯೇ ನಿಂತು ಸುಳ್ಳು ಲೆಕ್ಕ ತೋರಿಸುತ್ತದೆ. ನಮ್ಮ ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಚಾರ್ಜಿಂಗ್‌ನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೆಬ್ರವರಿಯಿಂದ ಮೇವರೆಗೆ ಅಡಿಕೆ ತೋಟಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಬಹಳ ಕೆಳಗಿಳಿಯುತ್ತದೆ. ಆಗ ಇನ್‌ವರ್ಟರ್ ಚಾರ್ಜ್ ಮಾಡುವುದನ್ನೇ ನಿಲ್ಲಿಸಬಹುದು. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದರ ಸಾಮರ್ಥ್ಯ ಕುಗ್ಗುತ್ತದೆ. ಇನ್ನು ಕೆಲವು ಮನೆಗಳಲ್ಲಿ ಇನ್‌ವರ್ಟರ್ ಅತಿಯಾಗಿ ಚಾರ್ಜ್ ಮಾಡಿ ನೀರನ್ನು ಕುದಿಸಿ ಒಣಗಿಸುತ್ತದೆ. ಈ ಎರಡರಲ್ಲಿ ಯಾವುದನ್ನೂ ಸರಿಪಡಿಸದೆ ಬ್ಯಾಟರಿ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಅದಕ್ಕೇ ಬದಲಿ ಬ್ಯಾಟರಿಗೆ ಅರ್ಜಿ ಹಾಕುವ ಮುನ್ನ ಇನ್‌ವರ್ಟರಿನ ಚಾರ್ಜಿಂಗ್ ವೋಲ್ಟೇಜನ್ನು ಅಳೆದು, ಅದನ್ನೂ ರಿಜಿಸ್ಟರಿನಲ್ಲಿ ಬರೆಯುತ್ತೇನೆ.

ಗ್ರಾಹಕರಿಗೆ ಅರ್ಥವಾಗದೆ ಜಗಳಕ್ಕೆ ಕಾರಣವಾಗುವುದು ಬ್ಯಾಟರಿಯ ದೋಷ ಖಚಿತಪಡಿಸುವ ಪರೀಕ್ಷೆಗೆ ಹಿಡಿಯುವ ಕಾಲ. 150 ಆಂಪಿಯರ್ ಅವರ್ ಬ್ಯಾಟರಿಯನ್ನು ಮೊದಲು ಪೂರ್ತಿ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಒಂದೇ ಪ್ರಮಾಣದ ಲೋಡಿನಲ್ಲಿ 10.5 ವೋಲ್ಟ್‌ಗೆ ಇಳಿಯುವವರೆಗೆ ಖಾಲಿ ಮಾಡಬೇಕು. 150 ಆಂಪಿಯರ್ ಅವರ್ ಅನ್ನು 20 ಗಂಟೆಗೆ ಹಂಚುವ ಲೆಕ್ಕದಲ್ಲಿ ಆ ಲೋಡ್ 7.5 ಆಂಪಿಯರ್. ಹೀಗೆ ಎರಡು ಮೂರು ದಿನ ಕಳೆಯುವುದು ಸಹಜ. "ಅಷ್ಟು ದಿನ ಕತ್ತಲಲ್ಲಿ ಕೂರೂದಾ ಮಾರಾಯ್ರೇ?" ಎಂದು ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಕೆಲವು ಸ್ಟ್ಯಾಂಡ್‌ಬೈ ಬ್ಯಾಟರಿಗಳನ್ನು ಚಾರ್ಜ್ ಮಾಡಿ ಸಿದ್ಧವಾಗಿಡುತ್ತೇನೆ. ಅವುಗಳಿಗೆ ಹಣ ಕಟ್ಟಿಹಾಕಬೇಕಾಗುತ್ತದೆ, ಕಂಪನಿ ಅದನ್ನು ಕೊಡುವುದಿಲ್ಲ. ಆದರೂ ವಾರಂಟಿ ಸೇವೆಗೆ ಮಾಡುವ ಖರ್ಚಿನಲ್ಲಿ ಇದರಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ವಾರಂಟಿ ತಿರಸ್ಕಾರವಾಗುವ ಕಾರಣಗಳು ಹೆಚ್ಚಾಗಿ ಮನೆಯಲ್ಲೇ ಹುಟ್ಟುತ್ತವೆ: ನೀರಿನ ಮಟ್ಟ ನೋಡದಿರುವುದು, ಡಿಸ್ಟಿಲ್ಡ್ ವಾಟರ್ ಬದಲು ಬಾವಿ ನೀರು ಸುರಿಯುವುದು, ಯಾರದೋ ಮಾತು ಕೇಳಿ ಆಸಿಡ್ ಹಾಕಿಸುವುದು. ನೀರು ಹಾಕುವುದು ಕಂಪನಿಯ ಹೊಣೆಯಲ್ಲ, ಕಾಗದದ ಪ್ರಕಾರ ನನ್ನದೂ ಅಲ್ಲ. ಆದರೂ ಉಚಿತ ಅವಧಿಯಲ್ಲಿ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಗುಂಬೆ ರಸ್ತೆ, ಕೊಪ್ಪ ರಸ್ತೆ, ಹೊಸನಗರ ರಸ್ತೆ ಎಂದು ವಿಂಗಡಿಸಿ, ಒಂದು ದಿಕ್ಕಿನ ಮನೆಗಳನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸುತ್ತೇವೆ. ನೀರು ತುಂಬಿ, ಟರ್ಮಿನಲ್ ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ತಾರೀಕು ಹಾಕುತ್ತೇವೆ. ಮುಂಗಾರು ಪೂರ್ವ ಗುಡುಗು ಸಿಡಿಲಿಗೆ ಸುಟ್ಟ ಇನ್‌ವರ್ಟರ್ ಬೋರ್ಡ್ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲವಾದ್ದರಿಂದ ಅರ್ಥಿಂಗನ್ನೂ ಅದೇ ಭೇಟಿಯಲ್ಲಿ ನೋಡುತ್ತೇವೆ.

ಬದಲಿ ಬ್ಯಾಟರಿ ಕೊಟ್ಟ ದಿನ ಹಳೆಯದನ್ನು ಕಡ್ಡಾಯವಾಗಿ ಹಿಂದಕ್ಕೆ ಪಡೆದು ಕಂಪನಿಗೆ ಕಳುಹಿಸುತ್ತೇನೆ. ಹೊಸ ಸೀರಿಯಲ್ ನಂಬರನ್ನು ರಿಜಿಸ್ಟರಿನ ಹಳೆಯ ಸಾಲಿನಲ್ಲೇ ಬರೆಯುತ್ತೇನೆ, ಏಕೆಂದರೆ ಬದಲಿಯಾಗಿ ಬಂದ ಬ್ಯಾಟರಿಗೆ ಸಾಮಾನ್ಯವಾಗಿ ಮೊದಲಿನ ಬ್ಯಾಟರಿಯ ಉಳಿದ ವಾರಂಟಿಯಷ್ಟೇ ಅನ್ವಯಿಸುತ್ತದೆ. ಈ ಮಾತನ್ನು ಮನೆಯ ಯಜಮಾನರಿಗೆ ಅಂದೇ ತಿಳಿಸಿ, ಕಾರ್ಡಿನ ಮೇಲೆ ಕೊನೆಯ ತಾರೀಕನ್ನು ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ.